ನೊರೆ ಇತ್ತಾ, ಯಜಮಾನ್ರೇ?

ಬೆಳಿಗ್ಗೆ ನೀವು ದೇವರಿಗೆ ಹೂ ಬಿಡಿಸುತ್ತಿದ್ದೀರಿ ಅಂದುಕೊಳ್ಳಿ. ಆಗ ಕಾಂಪೌಂಡು ಗೋಡೆಯ ಆಚೆಯಿಂದ ಒಬ್ಬ ಹೆಂಗಸು ನಿಮ್ಮ ಗಂಡನ ಮೂತ್ರದ ವಿಚಾರವನ್ನು ಬೀದಿಗೆಲ್ಲ ಕೇಳುವ ಹಾಗೆ ವಿಚಾರಿಸಿದರೆ ಹೇಗಾಗುತ್ತದೆ? ಮೊದಮೊದಲು ನನಗೆ ಹೂಬುಟ್ಟಿಯನ್ನೇ ಮುಖಕ್ಕೆ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು. ಆಮೇಲೆ ರೂಢಿಯಾಯಿತು. ಈಗ ಆ ದನಿಯೇ ಇಲ್ಲ. ಆದರೂ ದಾಸವಾಳದ ಗಿಡದ ಹತ್ತಿರ ಹೋದರೆ ಕಿವಿ ತಾನಾಗಿಯೇ ಆ ಕಡೆ ತಿರುಗುತ್ತದೆ.

ನಂಜನಗೂಡಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ಪೀರಿಯಡ್ ಖಾಲಿ ಇರ್ಲಿಲ್ಲ" ಅನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದಿತ್ತು, ಆದರೆ ಊರಿಗೆಲ್ಲ ಅವರು ಬರೀ ಸೈನ್ಸ್ ಮಿಸ್ಸು. ನಾನೂ ಹೆಸರು ಬರೆಯುವುದಿಲ್ಲ. ಬರೆದರೆ, "ಹೆಸರು ಹಾಕ್ಸೋಕೆ ನಾನೇನು ಎಲೆಕ್ಷನ್‌ಗೆ ನಿಂತಿದ್ನಾ?" ಅಂತ ಇದ್ದ ಕಡೆಯಿಂದಲೇ ರೇಗಿಯಾರು.

ಗಂಜಿ ಹಾಕಿದ ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಮಾತಾಡುವಾಗ ಬಲಗೈಯ ಬೆರಳುಗಳು ಸೀಮೆಸುಣ್ಣ ಹಿಡಿದ ಹಾಗೆಯೇ ಇರುತ್ತಿದ್ದವು. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಾಗಲೂ ಗಾಳಿಯಲ್ಲಿ ಏನೋ ಒಂದು ಚಿತ್ರ ಬರೆಯುತ್ತಿದ್ದರು. ಅವರ ಮನೆಗೆ ಯಾರೇ ಹೋಗಲಿ, ಕುಳಿತ ತಕ್ಷಣ ದೊಡ್ಡ ಸ್ಟೀಲ್ ಲೋಟದಲ್ಲಿ ನೀರು ಬರುತ್ತಿತ್ತು. "ಮೊದಲು ನೀರು, ಆಮೇಲೆ ಸುದ್ದಿ." ನೀರು ಖಾಲಿಯಾಗುವ ತನಕ ಸುದ್ದಿಯೂ ಇಲ್ಲ, ಕಾಫಿಯೂ ಇಲ್ಲ.

ನನ್ನ ಮಗಳು ಅವರ ಶಿಷ್ಯೆ. ನಮ್ಮದು ಲಿಂಗ ಕಟ್ಟಿದ ಮನೆ, ಅವರದು ಗೌಡರ ಮನೆ, ಮಟನ್ ಸಾರು ಮಾಡುವವರು. ಒಂದು ದಿನ ಅವರು ಕಸಾಯಿ ಅಂಗಡಿಯಿಂದ ಕುರಿಯ ಮೂತ್ರಪಿಂಡ ತರಿಸಿ, ತರಗತಿಯ ಮೇಜಿನ ಮೇಲೆ ಕುಯ್ದು ತೋರಿಸಿದರಂತೆ. ಮಗಳು ಮನೆಗೆ ಬಂದವಳೇ ಹಿದುಕಬೇಳೆ ಸಾರು ಮುಟ್ಟಲಿಲ್ಲ. "ಅವರೆಕಾಯಿ ನೋಡಿದ್ರೆ ಕಿಡ್ನಿ ನೆನಪಾಗುತ್ತಮ್ಮ" ಅಂತ ಅಳು. ಅವರೆಯ ಕಾಲ ಬೇರೆ, ಮನೆ ತುಂಬ ಸೊಗಡು. ನನಗೆ ಸಿಟ್ಟು ಬಂದು ಗೋಡೆ ಹತ್ತಿರ ಹೋಗಿ ಕೇಳಿಯೇಬಿಟ್ಟೆ, "ಅಲ್ಲ ಮಿಸ್, ನಮ್ಮಂಥವರ ಮಕ್ಕಳೂ ಇರ್ತಾರೆ, ಅದನ್ನೆಲ್ಲ ತಂದು ತೋರಿಸಬೇಕಾ?"

"ನಿಮ್ಮಂಥವರಿಗೆ ಕಿಡ್ನಿ ಇಲ್ವಾ?" ಅಂದರು.

ನಾನು ಗೊಣಗಿಕೊಂಡು ಒಳಗೆ ಬಂದೆ. ಸಂಜೆ ಅವರೇ ಒಂದು ಮೊರದ ತುಂಬ ಅವರೆಕಾಯಿ ತಂದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಥೆ ಹೇಳುತ್ತಾ ಸುಲಿಸಿದರು. ರಾತ್ರಿ ಅವಳು ಸಾರನ್ನು ಎರಡು ಸಲ ಹಾಕಿಸಿಕೊಂಡಳು. ಜಗಳ ಅಲ್ಲಿಗೇ ಮುಗಿಯಿತಲ್ಲ, ಅದೊಂದು ದೇವರ ದಯೆ.

ತರಗತಿಯಲ್ಲಿ ಯಾವ ಮಗುವಾದರೂ ಕಿರುಬೆರಳು ಎತ್ತಿದರೆ ಅವರು ಇಲ್ಲ ಅಂದವರೇ ಅಲ್ಲ. ಬೇರೆ ಮೇಷ್ಟ್ರುಗಳು, "ಬೆಲ್ ಆಗೋವರೆಗೂ ತಡ್ಕೋ" ಅಂತ ಗದರಿಸಿದರೆ ಇವರು ಸ್ಟಾಫ್ ರೂಮಿನಲ್ಲಿ ಜಗಳಕ್ಕೇ ನಿಲ್ಲುತ್ತಿದ್ದರಂತೆ. "ಪಾಠ ಕಾಯುತ್ತೆ ಸಾರ್, ಮೂತ್ರಕೋಶ ಕಾಯಲ್ಲ" ಅನ್ನುವುದು ಅವರ ಮಾತು. ಆ ಪದವನ್ನು ನಾವು ಉಪ್ಪು ಹುಳಿ ಅನ್ನುವಷ್ಟು ಸಲೀಸಾಗಿ ಹೇಳುತ್ತಿದ್ದರು.

ನನ್ನ ತವರು ತಿ. ನರಸೀಪುರ. ಅಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆಗೆ ಬೀದಿಯ ಹೆಂಗಸರೆಲ್ಲ ಒಂದು ವ್ಯಾನು ಮಾಡಿಕೊಂಡು ಹೊರಟಿದ್ದೆವು. ನಮ್ಮ ಹೆಂಗಸರ ಪದ್ಧತಿ ಗೊತ್ತಲ್ಲ, ಪ್ರಯಾಣ ಅಂದರೆ ಬೆಳಿಗ್ಗೆಯಿಂದ ತೊಟ್ಟು ನೀರು ಕುಡಿಯುವುದಿಲ್ಲ. ದಾರಿಯಲ್ಲಿ ಎಲ್ಲಿಗೆ ಹೋಗುವುದು? ಮಿಸ್ಸು ಮಾತ್ರ ಬಾಟಲಿ ಎತ್ತಿ ಗಟಗಟ ಕುಡಿದು, ಎಲ್ಲರಿಗೂ ಬಲವಂತ ಮಾಡಿ ಕುಡಿಸಿದರು. ಅರ್ಧ ದಾರಿಗೆ ಬರುವಷ್ಟರಲ್ಲಿ ವ್ಯಾನಿನಲ್ಲಿ ಎಲ್ಲರೂ ಗಪ್‌ಚಿಪ್. ಯಾರಿಗೂ ಬಾಯಿ ಬಿಟ್ಟು ಹೇಳಲು ನಾಚಿಕೆ. ಮಿಸ್ಸೇ ಡ್ರೈವರಿಗೆ, "ನಿಲ್ಸಪ್ಪ" ಅಂದು, ರಸ್ತೆ ಪಕ್ಕದ ಗುರುತು ಪರಿಚಯ ಇಲ್ಲದ ಮನೆಯೊಂದರ ಬಾಗಿಲು ತಟ್ಟಿದರು. "ತಾಯಿ, ಮದುವೆಗೆ ಹೊರಟೋರು ನಾವು. ನಿಮ್ಮನೇಲಿ ಬಚ್ಚಲು ಇದ್ಯಾ?"

ಆ ಮನೆಯಾಕೆ ಪುಣ್ಯವಂತೆ. ರೇಷ್ಮೆ ಸೀರೆ ಉಟ್ಟ ನಮ್ಮನ್ನೆಲ್ಲ ಸಾಲಾಗಿ ಹಿತ್ತಲಿಗೆ ಕಳಿಸಿ, ಬಂದವರನ್ನು ಬರೀ ಬಾಯಲ್ಲಿ ಕಳಿಸಬಾರದು ಅಂತ ಒಬ್ಬೊಬ್ಬರಿಗೂ ದೊಡ್ಡ ಲೋಟದ ತುಂಬ ಮಜ್ಜಿಗೆ ಕೊಟ್ಟಳು. ನರಸೀಪುರ ಮುಟ್ಟುವ ಮೊದಲು ಇನ್ನೊಂದು ಮನೆಯ ಬಾಗಿಲು ತಟ್ಟಬೇಕಾಯಿತು. ಧಾರೆಗೆ ತಡವಾಯಿತು, ಆದರೆ ಅಷ್ಟು ನಕ್ಕ ಪ್ರಯಾಣ ನಾನು ಮತ್ತೆ ಮಾಡಿಲ್ಲ.

ಇನ್ನು ನಮ್ಮ ಯಜಮಾನರ ವಿಚಾರಕ್ಕೆ ಬರುತ್ತೇನೆ. ದೇವಸ್ಥಾನದ ಬೀದಿಯಲ್ಲಿ ನಮ್ಮದೊಂದು ಹಣ್ಣುಕಾಯಿ ಅಂಗಡಿ. ತೆಂಗಿನಕಾಯಿ, ರಸಬಾಳೆ, ಊದುಬತ್ತಿ, ಕರ್ಪೂರ. ಅವರು ಬೆಳಿಗ್ಗೆ ಅಂಗಡಿಯಲ್ಲಿ ಕುಳಿತರೆ ಮಧ್ಯಾಹ್ನ ಬಾಗಿಲು ಹಾಕುವ ತನಕ ಏಳುತ್ತಿರಲಿಲ್ಲ. ಏಳಬೇಕಾದೀತು ಅಂತ ನೀರೂ ಕುಡಿಯುತ್ತಿರಲಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದ್ದವು. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತಾವೇ ಮಾತ್ರೆ ತಂದು ನುಂಗುತ್ತಿದ್ದರು. ಮಹಾ ನಾಚಿಕೆಯ ಮನುಷ್ಯ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಎದುರಿಗೆ, "ಒಂದಕ್ಕೆ ಹೋಗಿ ಬರ್ತೀನಿ" ಅಂದವರಲ್ಲ. "ಇಲ್ಲೇ ಬಂದೆ" ಅನ್ನುತ್ತಿದ್ದರು, ಅಷ್ಟೇ.

ಒಂದು ದಿನ ಮಿಸ್ಸು ಅಂಗಡಿಗೆ ತೆಂಗಿನಕಾಯಿಗೆ ಹೋಗಿದ್ದರು. ನಾನು ಊಟದ ಡಬ್ಬಿ ತೆಗೆದುಕೊಂಡು ಅಲ್ಲಿಗೆ ಹೋಗಿದ್ದೆ. ಅವರ ಕಣ್ಣು ಕಾಯಿಯ ಮೇಲಿರಲಿಲ್ಲ, ನಮ್ಮವರ ಪಾದದ ಮೇಲಿತ್ತು. ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತುಹೋಗಿತ್ತು. ಮಿಸ್ಸು ಕಾಯಿ ಕೆಳಗಿಟ್ಟು, ಕುಕ್ಕರುಗಾಲಿನಲ್ಲಿ ಕುಳಿತು, ಅವರ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು.

"ಅಯ್ಯಯ್ಯೋ ಮಿಸ್! ನೀವು ದೊಡ್ಡೋರು, ನನ್ ಕಾಲು ಮುಟ್ಟಬಾರ್ದು!" ಅಂತ ಇವರು ಕಾಲು ಎಳೆದುಕೊಂಡರು.

"ಕಾಲಿಗೆ ಬೀಳ್ತಿಲ್ಲ ಕಣ್ರೀ, ಕಾಲು ನೋಡ್ತಿದೀನಿ. ಸುಮ್ನೆ ಇರಿ."

ಬೆರಳು ತೆಗೆದರೆ ಅಲ್ಲಿ ಗುಳಿ ಹಾಗೆಯೇ ಉಳಿದಿತ್ತು, ಒಬ್ಬಟ್ಟಿನ ಕಣಕಕ್ಕೆ ಬೆರಳು ಒತ್ತಿದ ಹಾಗೆ.

"ಒಂದಕ್ಕೆ ಹೋದಾಗ ನೊರೆ ಬರುತ್ತಾ, ಯಜಮಾನ್ರೇ?"

ಹಣ್ಣುಕಾಯಿ ತೆಗೆದುಕೊಳ್ಳಲು ಬಂದವರು ಅಲ್ಲೇ ನಿಂತಿದ್ದರು. ನಮ್ಮವರ ಮುಖ ಕುಂಕುಮದ ಪೊಟ್ಟಣದ ಬಣ್ಣಕ್ಕೆ ತಿರುಗಿತು. "ಅದನ್ನೆಲ್ಲ ಯಾರು ಮಿಸ್ ನೋಡ್ತಾರೆ" ಅಂತ ತೂಕದ ಕಲ್ಲನ್ನು ಅಲ್ಲಿಂದಿಲ್ಲಿಗೆ ಎತ್ತಿಟ್ಟರು.

"ಹಾಲು ಉಕ್ಕುತ್ತಾ ಅಂತ ನೋಡ್ತೀರಿ, ಇದನ್ನ ನೋಡಲ್ವಾ? ನಾನು ಡಾಕ್ಟ್ರಲ್ಲ, ಪಾಠ ಹೇಳೋಳು. ನಾಳೆ ಬೆಳಿಗ್ಗೆ ಇಬ್ರೂ ಮೈಸೂರಿಗೆ ಹೊರಡಿ."

ಹೊರಟೆವು. ಡಾಕ್ಟರು ಕೇಳಿದ್ದಕ್ಕೆಲ್ಲ ನಮ್ಮವರು, "ಎಲ್ಲಾ ಚೆನ್ನಾಗಿದೆ ಸಾ" ಅಂದರು. ಕೊನೆಗೆ ನಾನೇ ಬಾಯಿ ತೆರೆದೆ. ಬಚ್ಚಲು ತೊಳೆಯುವವಳು ನಾನು, ನೊರೆ ನೋಡಿದವಳು ನಾನು. ಪರೀಕ್ಷೆಗಳಾದವು. ಮೂತ್ರಪಿಂಡ ಎರಡೂ ದಣಿದಿವೆ, ಆದರೆ ಪೂರ್ತಿ ಕೈಬಿಟ್ಟಿಲ್ಲ ಅಂದರು ಡಾಕ್ಟರು. ಈಗ ಕಾಪಾಡಿಕೊಂಡರೆ ಉಂಟು, ಇಲ್ಲದಿದ್ದರೆ ಡಯಾಲಿಸಿಸ್ಸಿನ ದಾರಿಯೇ. ನೋವಿನ ಮಾತ್ರೆ ಮುಟ್ಟಕೂಡದು, ಉಪ್ಪು ಕಡಿಮೆ, ಬಿಪಿ ಸಕ್ಕರೆ ಹತೋಟಿಯಲ್ಲಿರಬೇಕು. ರಕ್ತದಲ್ಲಿ ಪೊಟ್ಯಾಸಿಯಂ ಅನ್ನುವುದು ಜಾಸ್ತಿಯಾಗಿದೆಯಂತೆ. ಅದಕ್ಕೆ ಬಾಳೆಹಣ್ಣು, ಎಳನೀರು ಎರಡೂ ಬಂದ್. ಮನೆಯ ದೇವರ ಹೆಸರು ಹೇಳಿಕೊಂಡು ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ವಾಪಸ್ ಬರುವಾಗ ಬಸ್ಸು ತಾಂಡವಪುರ ದಾಟಿತು. ಆಗ ನಮ್ಮವರು, "ಹಣ್ಣುಕಾಯಿ ಅಂಗಡಿಯೋನಿಗೆ ಬಾಳೆಹಣ್ಣು ಬೇಡ ಅಂದ್ರೆ ಏನೇ ಅರ್ಥ?" ಅಂದರು.

ಅರ್ಥ ನನಗೂ ಗೊತ್ತಿರಲಿಲ್ಲ. ಮಾರನೆಯ ದಿನ ಮಿಸ್ಸು ಬಂದಾಗ ನಾನು ಪಾಯಸಕ್ಕೆ ಕಾಯಿಹಾಲು ತೆಗೆಯುತ್ತಿದ್ದೆ. ರುಬ್ಬಿದ ಕಾಯಿಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂಡುತ್ತಿದ್ದೆ. "ಕಿಡ್ನಿ ಅಂದ್ರೆ ಜರಡಿ ಅಲ್ವಾ ಮಿಸ್? ಜರಡಿ ಹೇಗೆ ದಣಿಯುತ್ತೆ?" ಅಂತ ಕೇಳಿದೆ.

ಅವರ ಮುಖ ಅರಳಿತು. ನಿವೃತ್ತಿಯಾದ ಮೇಲೆ ಯಾರೂ ಅವರನ್ನು ಪ್ರಶ್ನೆ ಕೇಳಿರಲಿಲ್ಲವೇನೋ.

"ಅರ್ಧ ಸರಿ. ನಿನ್ ಕೈಲಿರೋದೇ ಮೊದಲರ್ಧ ಕಣಮ್ಮ. ರಕ್ತ ಜೋರಾಗಿ ಒಳಗೆ ಬರುತ್ತೆ. ಅಲ್ಲಿ ಕೂದಲಿಗಿಂತ ಸಣ್ಣ ನಾಳಗಳು ಸಿಕ್ಕುಬಿದ್ದ ನೂಲಿನ ಉಂಡೆ ಥರ ಇರ್ತಾವೆ, ಅಂಥ ಉಂಡೆ ಲಕ್ಷಗಟ್ಟಲೆ. ಅದೇ ಈ ಬಟ್ಟೆ. ರಕ್ತದ ಕಣ, ಪ್ರೋಟೀನು ಎಲ್ಲಾ ದಪ್ಪ, ಬಟ್ಟೆಯೊಳಗೇ ನಿಲ್ತಾವೆ, ಈ ಕಾಯಿಚರಟದ ಹಾಗೆ. ನೀರು, ಉಪ್ಪು, ಸಕ್ಕರೆ, ಮೈಯ ಕೊಳೆ ಎಲ್ಲಾ ಈಚೆಗೆ ಇಳೀತಾವೆ."

"ಸಕ್ಕರೆ, ನೀರು ಎಲ್ಲಾ ಹೊರಗೆ ಹೋದ್ರೆ ಮನುಷ್ಯ ಉಳಿಯೋದು ಹೇಗೆ?"

"ಅದೇ ಎರಡನೇ ಅರ್ಧ. ನೀನು ನರಸೀಪುರದ ಕಡೆಯೋಳು, ಗದ್ದೆಬಯಲು ನೋಡಿದೀಯ. ಕಾಲುವೆ ನೀರು ಸೀದಾ ಹಳ್ಳಕ್ಕೆ ಹೋಗುತ್ತಾ? ದಾರಿಯುದ್ದಕ್ಕೂ ಗದ್ದೆ ಗದ್ದೆಗೂ ನುಗ್ಗಿ, ಬೇಕಾದ್ದನ್ನ ಗದ್ದೆ ಕುಡಿದು, ಬೇಡದ್ದು ಮಾತ್ರ ಕೊನೇಲಿ ಹಳ್ಳಕ್ಕೆ. ಹಾಗೇ ಕಣಮ್ಮ. ಸೋಸಿದ ನೀರು ಒಂದು ಉದ್ದನೆ ಸುತ್ತುಬಳಸು ನಾಳದಲ್ಲಿ ಹರಿಯುತ್ತೆ. ದಾರೀಲಿ ಮೈಯಿ ತನಗೆ ಬೇಕಾದ ನೀರು, ಸಕ್ಕರೆ, ಉಪ್ಪು ಎಲ್ಲಾ ವಾಪಸ್ ಕರ್ಕೊಳ್ಳುತ್ತೆ. ಮೈಯಲ್ಲಿ ಇನ್ನೂ ಉಳಿದಿದ್ದ ಬೇಡದ್ದನ್ನ ಅದೇ ನಾಳಕ್ಕೆ ನೂಕುತ್ತೆ. ದಿನಕ್ಕೆ ಹಂಡೆಗಟ್ಟಲೆ ಸೋಸಿ, ಕೊನೆಗೆ ಹೊರಗೆ ಬರೋದು ಒಂದೆರಡು ಚೊಂಬು. ಅದೇ ಮೂತ್ರ."

"ಮತ್ತೆ ನೊರೆ?"

"ಬಿಪಿ, ಸಕ್ಕರೆ ಸೇರಿ ಬಟ್ಟೇನ ಜಾಳುಜಾಳು ಮಾಡ್ಬಿಟ್ಟಿವೆ. ಒಳಗೆ ನಿಲ್ಲಬೇಕಾದ ಪ್ರೋಟೀನು ಸೋರ್ತಿದೆ. ಬೇಳೆ ಬೇಯಿಸ್ವಾಗ ಯಾಕೆ ನೊರೆ ಬರುತ್ತೆ ಹೇಳು? ಬೇಳೇಲಿ ಇರೋದೂ ಅದೇ. ಬಾಳೆಹಣ್ಣಲ್ಲಿ, ಎಳನೀರಲ್ಲಿ ಒಂದು ಥರದ ಉಪ್ಪಿದೆ, ಅದೇ ಪೊಟ್ಯಾಸಿಯಂ. ಚೆನ್ನಾಗಿರೋ ಕಿಡ್ನಿ ಹೆಚ್ಚಾದ್ದನ್ನ ನೂಕಿಬಿಡುತ್ತೆ. ದಣಿದಿರೋದು ನೂಕಲ್ಲ. ಅದು ರಕ್ತದಲ್ಲೇ ಕೂತು ಎದೆ ಬಡಿತಾನೇ ನಿಲ್ಸುತ್ತೆ."

ಆಮೇಲೆ ಗಾಳಿಯಲ್ಲಿ ಎರಡು ಗೆರೆ ಎಳೆದು, "ಎರಡು ಕಿಡ್ನಿಯಿಂದ ಎರಡು ನಾಳ ಇಳಿದು ಬಂದು ಒಂದು ಕಡೆ ಸೇರ್ತಾವೆ, ನಿಮ್ಮೂರಲ್ಲಿ ಕಪಿಲೆ ಕಾವೇರಿ ಸೇರಲ್ವಾ ಹಾಗೆ" ಅಂದುಬಿಟ್ಟರು.

"ಶಿವ ಶಿವ! ಮಿಸ್, ಸಂಗಮಾನ ಅದಕ್ಕೆ ಹೋಲಿಸ್ಬೇಡಿ!" ಅಂತ ನಾನು ಕೆನ್ನೆ ಬಡಿದುಕೊಂಡೆ. ಕೈಯಲ್ಲಿದ್ದ ಕಾಯಿಹಾಲು ಮುಖಕ್ಕೆಲ್ಲ ಆಯಿತು. ಅವರು ಗೋಡೆಗೆ ಒರಗಿ ನಕ್ಕರು.

ತಿಳಿದದ್ದು ನನಗೆ. ಹಣ್ಣು ತಿನ್ನುವವರು ನಮ್ಮವರು. ಸಂಜೆ ಅಂಗಡಿಯಲ್ಲಿ ಮಾರದೆ ಉಳಿದ, ಕಪ್ಪು ತಿರುಗಿದ ರಸಬಾಳೆ ಮನೆಗೆ ಬರುತ್ತಿತ್ತು. ದೇವರಿಗೆ ಅಂತ ತಂದ ಹಣ್ಣನ್ನು ತಿಪ್ಪೆಗೆ ಹಾಕುವುದುಂಟೇ? ನಮ್ಮ ಮಾವನವರ ಕಾಲದಿಂದ ಅದನ್ನು ಮನೆಯವರೇ ತಿನ್ನುವ ಪದ್ಧತಿ. ನಮ್ಮವರು ಡಾಕ್ಟರಿಗೆ ಹೂಂ ಅಂದು ಬಂದವರು, ದಾರಿಯಲ್ಲೇ ಹಣ್ಣು ಮುಗಿಸಿ ಬರೀ ಚೀಲ ತರುತ್ತಿದ್ದರು. ಮುಂದಿನ ಸಲ ಮೈಸೂರಿಗೆ ಹೋದಾಗ ರಕ್ತದ ಪೊಟ್ಯಾಸಿಯಂ ಇನ್ನೂ ಏರಿತ್ತು. ಡಾಕ್ಟರು ಮಾತ್ರೆ ಬದಲಾಯಿಸಿ, "ಇನ್ನೊಂದು ಸಲ ಹೀಗಾದರೆ ಅಂಗಡಿ ನೋಡಿಕೊಳ್ಳೋಕೆ ಬೇರೆಯವರನ್ನ ಹುಡುಕಬೇಕಾಗುತ್ತೆ" ಅಂದುಬಿಟ್ಟರು.

ಅದೇ ವಾರ ಹೆಮ್ಮರಗಾಲದಿಂದ ನಮ್ಮವರ ಅಕ್ಕ ಬಂದರು. ತಮ್ಮನಿಗೆ ಹುಷಾರಿಲ್ಲ ಅಂತ ಕೇಳಿ ಬಂದವರು ಸೀದಾ ದೇವಸ್ಥಾನಕ್ಕೆ ಹೋಗಿ, ತಮ್ಮನ ಹೆಸರಿನಲ್ಲಿ ಎಳನೀರಿನ ಅಭಿಷೇಕ ಮಾಡಿಸಿ, ಒಂದು ತಂಬಿಗೆ ಎಳನೀರು, ಒಂದು ಚಿಪ್ಪು ರಸಬಾಳೆ ಪ್ರಸಾದ ಹಿಡಿದು ಮನೆಗೆ ಬಂದರು. ತಮ್ಮ ಆಗಲೇ ಕೈ ಚಾಚಿದ್ದರು. ನಾನು ಅಡ್ಡ ನಿಂತೆ.

"ಅಕ್ಕ, ಡಾಕ್ಟ್ರು ಬೇಡ ಅಂದಿದಾರೆ."

"ಏನವ್ವಾ ಇದು? ದ್ಯಾವ್ರ ಪರ್ಸಾದ ಬ್ಯಾಡ ಅನ್ನಕ್ಕೆ ಅವನ್ಯಾವ ಡಾಕ್ಟ್ರು? ಎಳ್ನೀರು ಮೈಗೆ ತಂಪು, ಅಣ್ಣು ನಂಜುಂಡಪ್ಪನ್ದು. ಸೋಮ್ವಾರ ಒಪ್ಪತ್ತು ಇರೋ ನಿನ್ ಬಾಯಲ್ಲಿ ಈ ಮಾತಾ?"

ಆ ಮಾತು ನನ್ನ ಎದೆಗೆ ನಾಟಿತು. ಪ್ರಸಾದ ಬೇಡ ಅಂದರೆ ದೇವರನ್ನು ಬೇಡ ಅಂದ ಹಾಗೆ. ಕೊಟ್ಟರೆ ಗಂಡನ ಜೀವ. ತಂಬಿಗೆಯ ಒಂದು ಕಡೆ ಅಕ್ಕನ ಕೈ, ಇನ್ನೊಂದು ಕಡೆ ನನ್ನ ಕೈ. ಹಾಗೇ ನಿಂತಿದ್ದೆವು.

ಗೋಡೆಯ ಆಚೆಯಿಂದ ಎಲ್ಲ ಕೇಳಿಸಿಕೊಂಡ ಮಿಸ್ಸು ಸೆರಗು ಸಿಕ್ಕಿಸಿಕೊಂಡು ಬಂದರು. ನಾನು ಅಂದುಕೊಂಡೆ, ಇನ್ನು ಈ ಅಕ್ಕನಿಗೆ ಕಾಲುವೆ, ಬಟ್ಟೆ, ಬೇಳೆಯ ಪಾಠ ಶುರುವಾಯಿತು ಅಂತ. ಅವರು ಪಾಠದ ಮಾತೇ ಎತ್ತಲಿಲ್ಲ. ಅಕ್ಕನ ಪಕ್ಕ ಚಾಪೆಯ ಮೇಲೆ ಕುಳಿತು, ಮೊದಲು ನೀರು ಕುಡಿಸಿದರು.

"ಅಕ್ಕ, ಅಭಿಷೇಕ ಚೆನ್ನಾಗಾಯ್ತಾ?"

"ಆಯ್ತು ಕಣ್ರವ್ವ, ಕಣ್ತುಂಬ."

"ಲಿಂಗದ ಮೇಲೆ ಹುಯ್ದ ಎಳನೀರು ಎಲ್ಲಿಗೆ ಹೋಗುತ್ತೆ?"

"ಎಲ್ಗೋಗದು? ಗೋಮುಖದಿಂದ ಈಚ್ಗೆ ಬೀಳ್ತದೆ. ಅದ್ನ ತೀರ್ಥ ಅಂತ ತಲ್ಗೆ ಆಕ್ಕತೀವಲ್ಲ."

"ಆ ಗೋಮುಖ ಕಟ್ಕೊಂಡಿದೆ ಅನ್ನಿ. ಆವಾಗ ಪೂಜಾರಪ್ಪ ಏನು ಮಾಡ್ತಾನೆ? ಭಕ್ತಿ ಅಂತ ಕೊಡಗಟ್ಟಲೆ ಹುಯ್ತಾನೇ ಇರ್ತಾನಾ?"

"ಉಯ್ದ್ರೆ ಗರ್ಭಗುಡಿ ತುಂಬ್ಕೊಳಲ್ವಾ! ಅದ್ನ ಮೊದ್ಲು ಬಿಡ್ಸುಬೇಕು..." ಅಂದ ಅಕ್ಕ ಅಲ್ಲೇ ನಿಲ್ಲಿಸಿದರು. ತಮ್ಮನ ಊದಿದ ಪಾದ ನೋಡಿದರು.

"ಅಂಗಾದ್ರೆ ಇವ್ನ ಗೋಮುಖ ಸರ್ಯಾಗೋಗಂಟ ಅಭಿಸೇಕ ಬ್ಯಾಡ ಬುಡವ್ವ" ಅಂದರು.

ತಂಬಿಗೆಯಿಂದ ಉದ್ಧರಣೆಯಲ್ಲಿ ಒಂದು ತೊಟ್ಟು ತೆಗೆದು ತಮ್ಮನ ತಲೆಗೆ ಪ್ರೋಕ್ಷಿಸಿದರು. ಹಣ್ಣನ್ನು ನಮ್ಮವರು ಎರಡು ಕಣ್ಣಿಗೂ ಒತ್ತಿಕೊಂಡರು. ಆಮೇಲೆ ಅಕ್ಕ ಆ ಚಿಪ್ಪನ್ನು ಬೀದಿಯ ಹಸುವಿಗೆ ತಿನ್ನಿಸಿ ಬಂದು, "ಗೋವಿನ್ ಒಟ್ಟೆಗೋದ್ರೂ ಅವ್ನಿಗೇ ಸಂದಂಗೆ" ಅಂದರು. ಅವತ್ತಿನಿಂದ ನಮ್ಮ ಅಂಗಡಿಯಲ್ಲಿ ಉಳಿದ ಹಣ್ಣೆಲ್ಲ ಆ ಹಸುವಿನದೇ. ಅದು ಈಗ ಸಂಜೆಯಾದರೆ ಅಂಗಡಿಯ ಮುಂದೆ ಗಿರಾಕಿಯ ಹಾಗೆ ಬಂದು ನಿಲ್ಲುತ್ತದೆ. ಪ್ರಸಾದವೂ ಉಳಿಯಿತು, ಗಂಡನೂ ಉಳಿದರು. ಸೋಮವಾರ ದೀಪ ಹಚ್ಚುವಾಗ ನಾನು ಮೊದಲು ನೆನೆಯುವುದು ಅದನ್ನೇ.

ಬೆಳಗಿನ ವಿಚಾರಣೆ ಶುರುವಾದದ್ದು ಆಗಲೇ. ನಮ್ಮವರು ಟವೆಲ್ ಹೆಗಲಿಗೆ ಹಾಕಿಕೊಂಡು ಹಿತ್ತಲಿನಿಂದ ಬರುವುದಕ್ಕೂ, ಗೋಡೆಯ ಮೇಲೆ ಮಿಸ್ಸಿನ ನರೆತಲೆ ಕಾಣುವುದಕ್ಕೂ ಸರಿಹೋಗುತ್ತಿತ್ತು.

"ನೊರೆ ಇತ್ತಾ, ಯಜಮಾನ್ರೇ?"

ಹಾಲಿನವನು ಕೇಳಿಸಿಕೊಳ್ಳುತ್ತಿದ್ದ. ಎದುರು ಮನೆಯವರು ರಂಗೋಲಿ ಬಿಟ್ಟು ತಲೆ ಎತ್ತುತ್ತಿದ್ದರು. ನಮ್ಮವರು ಬಾಯಿ ಬಿಟ್ಟು ಉತ್ತರ ಕೊಟ್ಟದ್ದೇ ಇಲ್ಲ. ಅಂಗೈ ಅಗಲಿಸಿ ತೋರಿಸಿದರೆ ನೊರೆ ಇತ್ತು, ಮುಷ್ಟಿ ಹಿಡಿದರೆ ಇಲ್ಲ. ಅದೂ ಟವೆಲಿನ ಮರೆಯಲ್ಲಿ. ಮಿಸ್ಸು ಬೇಕೆಂದೇ, "ಕಾಣ್ಸಲಿಲ್ಲ, ಬಾಯಲ್ಲಿ ಹೇಳಿ! ಪರೀಕ್ಷೇಲಿ ಕೈ ಸನ್ನೆಗೆ ಮಾರ್ಕ್ಸ್ ಕೊಡಲ್ಲ ನಾನು!" ಅನ್ನುತ್ತಿದ್ದರು. ಇವರು ಕೆಮ್ಮಿಕೊಂಡು ಒಳಗೆ ಓಡುತ್ತಿದ್ದರು. ಓಡಿದರೂ ಮಾರನೆಯ ಬೆಳಿಗ್ಗೆ ಅದೇ ಹೊತ್ತಿಗೆ ಹೊರಗೆ ಬರುತ್ತಿದ್ದರು, ಅದನ್ನು ನಾನು ಗಮನಿಸಿದ್ದೆ. ಬರುಬರುತ್ತಾ ಮುಷ್ಟಿ ಕಾಣುವ ದಿನಗಳೇ ಹೆಚ್ಚಾದವು. ಪಾದದ ಊತ ಇಳಿಯಿತು. ಕಿಡ್ನಿ ಇದ್ದಲ್ಲೇ ನಿಂತಿದೆ, ಇನ್ನೂ ಕೆಟ್ಟಿಲ್ಲ ಅಂದರು ಡಾಕ್ಟರು. ಹಾಗೆಯೇ ಕೆಲವು ವರ್ಷ ನಡೆಯಿತು. ಕೆಡದೆ ನಿಲ್ಲುವುದೂ ಒಂದು ವರವೇ.

ಹೋದ ಕಾರ್ತೀಕದಲ್ಲಿ ಮಿಸ್ಸು ಹೋದರು. ಸಂಜೆ ನನ್ನ ಹತ್ತಿರ ಒಗ್ಗರಣೆಗೆ ಕರಿಬೇವು ಇಸಿದುಕೊಂಡು ಹೋಗಿದ್ದರು. ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ. ತಲೆಯ ಹತ್ತಿರ ಸ್ಟೀಲ್ ಲೋಟದ ನೀರು ಮುಕ್ಕಾಲು ಖಾಲಿಯಾಗಿತ್ತು. ನೀರು ಕುಡಿದೇ ಹೊರಟಿದ್ದರು. ಅವರ ಶಿಷ್ಯರು ಎಲ್ಲೆಲ್ಲಿಂದಲೋ ಬಂದರು. ಅಂಗಳದಲ್ಲಿ ನಿಂತು ಅಳುತ್ತಿದ್ದವರಲ್ಲಿ ಒಬ್ಬ ದೊಡ್ಡ ಮೀಸೆಯವನು, "ನಾನು ಕಿರುಬೆರಳು ಎತ್ತಿದ್ರೆ ಒಂದು ದಿನಾನೂ ಇಲ್ಲ ಅಂದೋರಲ್ಲ" ಅಂದ. ಅತ್ತವರೆಲ್ಲ ಒಟ್ಟಿಗೆ ನಕ್ಕರು.

ಕರ್ಮಾಂತರ ಮುಗಿದು ಮನೆಗೆ ಬೀಗ ಬಿತ್ತು. ಅವತ್ತಿನಿಂದ ನಮ್ಮವರು ಬೆಳಿಗ್ಗೆ ಹಿತ್ತಲಿನಿಂದ ಸೀದಾ ಒಳಗೆ ಬಂದುಬಿಡುತ್ತಿದ್ದರು. ನೊರೆಯ ಮಾತು ನಾನು ಎತ್ತಿದರೆ, "ಇದೆಯೋ ಇಲ್ವೋ, ಯಾರು ನೋಡಿದ್ರು" ಅನ್ನುತ್ತಿದ್ದರು. ಮತ್ತೆ ಮೊದಲಿನ ಹಾಗೆ ಆದರೋ ಏನೋ ಅಂತ ನನಗೆ ದಿಗಿಲು. ಅಂಗಡಿಯಿಂದ ಚೀಲ ಬಂದರೆ ಒಳಗೆ ಕೈ ಹಾಕಿ ನೋಡುತ್ತಿದ್ದೆ.

ಮೊನ್ನೆ ಸೋಮವಾರ. ನಾನು ದಾಸವಾಳ ಬಿಡಿಸುತ್ತಿದ್ದೆ. ಇವರು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದವರು ಗೋಡೆಯ ಹತ್ತಿರ ನಿಂತರು. ಆ ಕಡೆ ಬೀಗ ಹಾಕಿದ ಬಾಗಿಲು, ಉದುರಿದ ಎಲೆ. ಹಾಲಿನವನು ಸೈಕಲ್ಲಿಗೆ ಕಾಲು ಊರಿ ನಿಂತಿದ್ದ. ಎದುರು ಮನೆಯವರು ರಂಗೋಲಿಯಿಂದ ತಲೆ ಎತ್ತಿದರು. ಇವರು ಟವೆಲನ್ನು ಹೆಗಲಿನಿಂದ ತೆಗೆದು ಗೋಡೆಯ ಮೇಲೆ ಹಾಕಿ, ಗಂಟಲು ಸರಿಮಾಡಿಕೊಂಡು, ತರಗತಿಯಲ್ಲಿ ಎದ್ದು ನಿಂತವರ ಹಾಗೆ, ಬೀದಿಗೆಲ್ಲ ಕೇಳುವಂತೆ ಹೇಳಿದರು:

"ಇವತ್ತು ಮೂತ್ರದಲ್ಲಿ ನೊರೆ ಇಲ್ಲ, ಮಿಸ್."